ಕುಂದಗೋಳದಿಂದ ಹೋದ ಐದನೆಯ ದನಿ

ಇಟಲಿಗೆ ಹೋಗಿಬಂದೆ ಅಂದಕೂಡಲೇ ನಮ್ಮೂರ ಜನ ಕೇಳುವ ಮೊದಲ ಪ್ರಶ್ನೆ, ವಾಲಿದ ಗೋಪುರ ನೋಡಿದಿರಾ ಅಂತ. ನೋಡಲಿಲ್ಲ. ನೀರಿನ ಮೇಲೆ ಕಟ್ಟಿದ ಊರು? ಅದನ್ನೂ ನೋಡಲಿಲ್ಲ. ಪೋಪ್ ಅವರನ್ನಾದರೂ? ನಾನು ಅವರನ್ನು ನೋಡಲಿಲ್ಲ, ಅವರೂ ನನ್ನನ್ನು ನೋಡಲಿಲ್ಲ, ಇಬ್ಬರಿಗೂ ನಷ್ಟವಾದ ಹಾಗೆ ಕಾಣುವುದಿಲ್ಲ. ಮತ್ತೆ ಅಷ್ಟು ದೂರ ಹೋಗಿ ಮಾಡಿದ್ದೇನು? ಒಂದು ಗುಡ್ಡದ ಊರಿನ ಅಡುಗೆಮನೆಯಲ್ಲಿ ಕೂತು ಉಂಡೆ. ಒಬ್ಬ ಮುದುಕರ ಜೊತೆ ಭಾಷೆ ಬಾರದೆ ಜಗಳಾಡಿದೆ. ಚರ್ಚಿನಲ್ಲಿ ಗಂಡಸರ ಜಾಗದಲ್ಲಿ ನಿಂತು ಲ್ಯಾಟಿನ್ ಹಾಡಿದೆ. ವಾಪಸು ಬಂದೆ.

ನನ್ನ ದನಿ ಕೇಳದವರಿಗೆ ಒಂದು ಮಾತು. ನಾನು ಕುಂದಗೋಳದ ಹುಡುಗಿಯರ ಶಾಲೆಯಲ್ಲಿ ಹಾಡು ಕಲಿಸುವವಳು. ಹೆಣ್ಣಾಗಿ ಹುಟ್ಟಿದರೂ ದೇವರು ದನಿ ಕೊಡುವಾಗ ಬೇರೆ ಡಬ್ಬಿಗೆ ಕೈ ಹಾಕಿದ. ಹುಬ್ಬಳ್ಳಿಗೆ ಟ್ರಂಕ್‌ಕಾಲ್ ಮಾಡಿದರೆ ಆಪರೇಟರ್ ಈಗಲೂ 'ಹೇಳ್ರಿ ಸಾಹೇಬ್ರ' ಅನ್ನುತ್ತಾಳೆ. ತಿದ್ದಿ ತಿದ್ದಿ ಸಾಕಾಗಿ, ಈಗ ನಾನೂ ಸಾಹೇಬನ ಗತ್ತಿನಲ್ಲೇ ನಂಬರ್ ಹೇಳುತ್ತೇನೆ. ಈ ದನಿಯೇ ನನ್ನನ್ನು ಇಟಲಿಗೆ ಕರೆದೊಯ್ದದ್ದು.

ದುಮ್ಮವಾಡದ ನರ್ಸು

ಕರೆದವಳು ಲೂಚಿಯಾ. ಇಟಲಿಯವಳು. ಕಲಘಟಗಿ ಕಡೆ ದುಮ್ಮವಾಡದ ದವಾಖಾನೆಯಲ್ಲಿ ಎಷ್ಟೋ ವರ್ಷ ನರ್ಸ್ ಆಗಿದ್ದಳು. ಪುಸ್ತಕ ಹಿಡಿದು ಕನ್ನಡ ಕಲಿತವಳಲ್ಲ, ರೋಗಿಗಳ ಬಾಯಿಂದ ಕಲಿತವಳು. ಹಾಗಾಗಿ ಅವಳಿಗೆ ನಮಸ್ಕಾರ ಅನ್ನುವುದು ಬರುವುದಿಲ್ಲ. ಯಾರು ಎದುರಾದರೂ 'ಹೊಟ್ಟಿ ಹೆಂಗೈತ್ರಿ?' ಅನ್ನುತ್ತಾಳೆ. ರವಿವಾರ ಬಸ್ಸು ಹಿಡಿದು ನನ್ನ ಹತ್ತಿರ ಹಾಡು ಕಲಿಯಲು ಬರುತ್ತಿದ್ದಳು. ಅಪ್ಪನಿಗೆ ವಯಸ್ಸಾಯಿತೆಂದು ಊರಿಗೆ ಮರಳಿದ ಮೇಲೆ, ಒಂದು ದಿನ ಅವಳ ಕರೆ ಬಂತು. ಅಪ್ಪ ನಡೆಸುವ ಚರ್ಚಿನ ಲ್ಯಾಟಿನ್ ಹಾಡಿನ ಮೇಳದಲ್ಲಿ ಐದು ದನಿ ಬೇಕು. ಐದನೆಯವನು ಜರ್ಮನಿಯ ಕಾರ್ಖಾನೆಗೆ ಕೆಲಸಕ್ಕೆ ಹೋಗಿಬಿಟ್ಟ. ಮೇ ತಿಂಗಳಲ್ಲಿ ಊರ ಹಬ್ಬ. ಬೇಸಿಗೆಯ ಸೂಟಿಯಲ್ಲಿ ನೀವು ಬಂದರೆ ಅಪ್ಪನ ಮೇಳ ಉಳಿಯುತ್ತದೆ, ಹೋಗಿ ಬರುವ ವ್ಯವಸ್ಥೆ ನಮ್ಮದು.

ನನ್ನ ಗಂಡ ಚನ್ನಪ್ಪನವರು ಹೈಸ್ಕೂಲಿನ ಕನ್ನಡ ಮಾಸ್ತರರು. ಶರಣರ ವಿಷಯ ಬಂದರೆ ಉಂಡ ಕೈ ಒಣಗುವತನಕ ಮಾತಾಡುವವರು.

"ಲ್ಯಾಟಿನ್ನ? ಅಲ್ಲಬೇ, ತಿಳೀಲಾರದ ಭಾಷಾದಾಗ ದೇವರನ್ನ ಕರೀಬಾರ್ದು ಅಂತ ಶರಣರು ಹೇಳಿ ಎಂಟು ನೂರು ವರ್ಷ ಆತು. ನೀ ಈಗ ವಿಮಾನ ಹತ್ತಿ ಹೋಗಿ ಉಲ್ಟಾ ಮಾಡ್ತೀಯೇನು?"

"ನಾ ಹಾಡೂ ಖಯಾಲಿನ ಮಾತು ನಿಮಗ ತಿಳೀತಾವೇನ್ರಿ? ನನಗ ತಿಳೀತಾವೇನು? ಇಷ್ಟು ವರ್ಷ ತಂಬೂರಿ ಹಿಡಕೊಂಡು ಹಿಂದ ಕುಂತೀರಲ್ಲ, ಒಂದ್ ದಿನ ಅರ್ಥ ಕೇಳೀರೇನು?"

ಕೊನೆಗೆ ತಂಬೂರಿ ಹಿಡಿಯಲು ತಾವೂ ಹೊರಟರು. ನಿಜ ಅಂದರೆ ಅವರಿಗೆ ಸಂಗೀತದಲ್ಲಿ ಬರುವುದು ಒಂದೇ ವಿದ್ಯೆ, ತಂಬೂರಿಯನ್ನು ಸ್ವರಕ್ಕೆ ಕೂಡಿಸುವುದು. ಆದರೆ ಅದು ಬರುತ್ತದೆ ಅಂದರೆ ಬರುತ್ತದೆ. ಹಾಡಿನ ನಡುವೆ ತಂತಿ ಕೂದಲೆಳೆಯಷ್ಟು ಸಡಿಲಾದರೂ ಕೈ ತಾನಾಗಿ ತಂತಿ ಬಿಗಿಯುವ ಬಿರಡೆಗೆ ಹೋಗುತ್ತದೆ. ಬಸ್ಸಿನಲ್ಲಿ ಕೂತಾಗಲೂ ಒಮ್ಮೊಮ್ಮೆ ಕಿಟಕಿಯ ಚಿಲಕ ಹಿಡಿದು ತಿರುವುತ್ತಿರುತ್ತಾರೆ.

ರೋಮ್ ವಿಮಾನ ನಿಲ್ದಾಣ

ಹುಬ್ಬಳ್ಳಿಯಿಂದ ರೈಲು, ಮುಂಬಯಿಯಿಂದ ವಿಮಾನ. ತಂಬೂರಿಯನ್ನು ಹಳೆಯ ಕೌದಿಯಲ್ಲಿ ಸುತ್ತಿ ಇವರು ಕೂಸಿನ ಹಾಗೆ ಎತ್ತಿಕೊಂಡೇ ಬಂದರು. ಗಗನಸಖಿ ಎರಡು ಸಲ ಬಗ್ಗಿ ನೋಡಿದಳು. ಮೂರನೆಯ ಸಲ ಬೆಲ್ಟು ತಂದು ತಂಬೂರಿಗೂ ಕಟ್ಟಿಹೋದಳು.

ರೋಮಿನ ಕಸ್ಟಮ್ಸ್‌ನಲ್ಲಿ ಒಬ್ಬ ಮೀಸೆಯ ಸಾಹೇಬ ಕೌದಿ ಬಿಚ್ಚಿಸಿದ. ತಂಬೂರಿಯ ಬುರುಡೆಯನ್ನು ಬೆರಳಿನಿಂದ ಬಡಿದು, ಇದು ಯಾತರಿಂದ ಮಾಡಿದ್ದು ಅಂತ ಇಂಗ್ಲಿಷಿನಲ್ಲಿ ಕೇಳಿದ. ಕಟ್ಟಿಗೆ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮ ಮಾಸ್ತರರು ಸತ್ಯವಂತರು.

"ಪಂಪ್‌ಕಿನ್, ಸರ್. ಪ್ಯೂರ್ ಪಂಪ್‌ಕಿನ್," ಅಂದರು.

ಸಾಹೇಬನ ಮುಖ ಬದಲಾಯಿತು. ಹೊರದೇಶದ ಕಾಯಿಪಲ್ಲೆ ತರುವಂತಿಲ್ಲವಂತೆ. ಇದು ನಮ್ಮ ಅಜ್ಜನ ಕಾಲದ ಕುಂಬಳಕಾಯಿ, ಇನ್ನು ಮೊಳಕೆ ಒಡೆಯುವುದಿಲ್ಲ ಅಂತ ಇವರು ಎಷ್ಟು ಹೇಳಿದರೂ ಕೇಳಲಿಲ್ಲ. ಚೀಲದೊಳಗಿನ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಎಲ್ಲವನ್ನೂ ಮೂಸಿ ಮೂಸಿ ಬಿಟ್ಟ. ತಂಬೂರಿಯನ್ನು ಮಾತ್ರ ಒಂದು ಕಪಾಟಿನಲ್ಲಿಟ್ಟು, ಹೋಗುವಾಗ ಒಯ್ಯಿರಿ ಅಂತ ಚೀಟಿ ಕೊಟ್ಟ.

ನಾನು ಸುಮ್ಮನಾದೆ. ಇವರು ಆಗಲಿಲ್ಲ. ಮುಂದಿನ ರೈಲಿನಲ್ಲಿ ಪೂರ್ತಿ ದಾರಿ ಬರಿಗೈ ತಿಕ್ಕುತ್ತ ಕೂತಿದ್ದರು.

"ನನ್ನ ಕೆಲಸಾ ಹೋತಲ್ಲಬೇ. ನಾ ಈಗ ಯಾಕ ಬರಬೇಕು?"

"ನಡೀರಿ ಸುಮ್ನ. ರೊಟ್ಟಿ ಹೊರಾಕ ಬರ್ರಿ."

ಗುಡ್ಡದ ಊರು

ಊರಿನ ಹೆಸರು ನಾಲಿಗೆಗೆ ಹತ್ತಲಿಲ್ಲ, ಅದಕ್ಕೇ ಬಿಡುತ್ತೇನೆ. ಗುಡ್ಡದ ತುದಿಗೆ ಅಂಟಿಸಿದ ಹಾಗೆ ಮನೆಗಳು, ಎಲ್ಲ ಕಲ್ಲು. ಗೋಡೆ ಕಲ್ಲು, ಚಾವಣಿ ಕಲ್ಲು, ಹೊಲದ ಬದು ಕಲ್ಲು. ನಮ್ಮ ಕಡೆ ನವಲಗುಂದದ ಕರಿಮಣ್ಣಿನ ಎರೆಹೊಲದಲ್ಲಿ ನಾಯಿಗೆ ಒಗೆಯಲು ಒಂದು ಹರಳು ಸಿಗುವುದಿಲ್ಲ. ಇವರು ಬಗ್ಗಿ ಮಣ್ಣು ಹಿಡಿದು ನೋಡಿ, 'ಈ ಮಂದಿ ಏನ್ ತಿಂತಾರ, ಪಾಪ' ಅಂದರು. ಅದೇ ಸಂಜೆ ಆ ಮಂದಿ ತಿನ್ನುವುದನ್ನು ನೋಡಿ ಮಾತು ವಾಪಸು ತೆಗೆದುಕೊಂಡರು.

ಬಸ್ಸಿನಿಂದ ಇಳಿದಾಗ ಲೂಚಿಯಾ ಓಡಿಬಂದಳು.

"ಅಕ್ಕೋರ! ಮಾಸ್ತರ! ಹೊಟ್ಟಿ ಹೆಂಗೈತ್ರಿ?"

ಊರ ಜನ ನಿಂತು ನೋಡಿದರು. ಅವರ ನಡುವೆ ಬೆಳೆದ ಹೆಣ್ಣು, ಯಾರಿಗೂ ತಿಳಿಯದ ಭಾಷೆಯಲ್ಲಿ ಗಂಟಲು ಹರಿದು ಕೂಗುತ್ತಿದ್ದಳು. ಹಿಂದೆ ಕೋಲೂರಿ ಬಂದವರು ಅವಳ ಅಪ್ಪ. ಊರೆಲ್ಲ ಅವರನ್ನು 'ಮಾಯೆಸ್ತ್ರೊ' ಅನ್ನುತ್ತದೆ, ಅಂದರೆ ಮಾಸ್ತರರೇ. ದೊಡ್ಡ ಎದೆ, ಬಿಳಿ ಹುಬ್ಬು. ಬಂದವರೇ ಇವರ ಎರಡೂ ಗಲ್ಲಕ್ಕೆ ಮುತ್ತು ಕೊಟ್ಟುಬಿಟ್ಟರು. ನಮ್ಮ ಚನ್ನಪ್ಪನವರ ತಾಯಿ ತೀರಿಕೊಂಡ ಮೇಲೆ ಅವರ ಗಲ್ಲಕ್ಕೆ ಯಾರೂ ಮುತ್ತು ಕೊಟ್ಟಿರಲಿಲ್ಲ. ನಾನೂ ಕೊಟ್ಟವಳಲ್ಲ. ಸಂಜೆಯತನಕ ಗಲ್ಲ ಮುಟ್ಟಿ ಮುಟ್ಟಿ ನೋಡಿಕೊಂಡರು.

ಒಂದು ವಿಷಯ ಬಹಳ ಹಿಡಿಸಿತು. ಮಧ್ಯಾಹ್ನ ಊಟವಾದ ಮೇಲೆ ಪೂರ್ತಿ ಊರು ಬಾಗಿಲು ಹಾಕಿ ಮಲಗುತ್ತದೆ. ಅಣ್ಣಿಗೇರಿಯ ಪೇಟೆಯಲ್ಲಿ ಅಂಗಡಿಕಾರ ಗಲ್ಲಾಪೆಟ್ಟಿಗೆಯ ಮೇಲೆ ತಲೆ ಇಟ್ಟು ಗೊರಕೆ ಹೊಡೆದರೆ ನಾವು ಬೈಯುತ್ತೇವೆ. ಇಲ್ಲಿ ಅದು ಊರ ಪದ್ಧತಿ. ಸಂಜೆ ಎದ್ದು ಮುದುಕರೆಲ್ಲ ಚರ್ಚಿನ ಕಟ್ಟೆಗೆ ಬಂದು ಕೂಡುತ್ತಾರೆ, ಹೋಗಿಬರುವವರ ಚಪ್ಪಲಿ ನೋಡಿ ಮಾತಾಡುತ್ತಾರೆ. ಕಾಫಿ ಮಾತ್ರ ಗೊಂಬೆಯಾಟದ ಲೋಟದಲ್ಲಿ ಕೊಡುತ್ತಾರೆ. ಔಷಧವೇನೋ ಅಂತ ತಿಳಿದು ನಾನು ಒಂದೇ ಗುಟುಕಿಗೆ ಕುಡಿದೆ. ಅದೇ ಸರಿಯಾದ ಕ್ರಮವಂತೆ, ಎಲ್ಲರೂ ಮೆಚ್ಚಿದರು.

ಐದು ಪುಸ್ತಕ

ಮಾಯೆಸ್ತ್ರೊ ಅವರ ಮನೆಯಲ್ಲಿ ಒಂದು ಕಟ್ಟಿಗೆಯ ಪೆಟ್ಟಿಗೆ ಇದೆ. ಅದರಲ್ಲಿ ಐದು ತೆಳ್ಳಗಿನ ಪುಸ್ತಕ. ಸುಮಾರು ನಾನೂರು ವರ್ಷದ ಹಿಂದೆ ಆ ಸೀಮೆಯ ಒಬ್ಬ ಸಂಗೀತಗಾರ, ಇನ್ನೂ ಮೀಸೆ ಬಲಿಯುವ ವಯಸ್ಸಿನಲ್ಲಿ, ದೇವರ ಮೇಲಿನ ಲ್ಯಾಟಿನ್ ಹಾಡುಗಳನ್ನು ಕಟ್ಟಿ ಅಚ್ಚು ಹಾಕಿಸಿದ. ಅವಕ್ಕೆ ಮೊಟೆಟ್ ಅನ್ನುತ್ತಾರೆ. ವಾದ್ಯ ಇಲ್ಲ, ಬರೀ ದನಿ. ಇದು ಅವನ ಆರಂಭದ ಸಂಗ್ರಹ. ಆಮೇಲೆ ಅವನು ದೊಡ್ಡವನಾಗಿ, ದೊಡ್ಡ ದೊಡ್ಡ ಕಡೆ ಹಾಡಿಸಿದನಂತೆ. ಮಾಯೆಸ್ತ್ರೊ ಅವರಿಗೆ ಅದೆಲ್ಲ ಬೇಡ. ಅವರ ಅಜ್ಜ ಕೈಯಾರೆ ನಕಲು ಮಾಡಿದ ಈ ಐದು ಪುಸ್ತಕವೇ ಅವರ ಆಸ್ತಿ.

ನಾನು ಮೊದಲು ಒಂದನ್ನು ತೆರೆದು, ಇನ್ನೊಂದನ್ನು ತೆರೆದು, ಕೇಳಿದೆ:

"ಲೂಚಿಯಾ, ಪೂರ್ತಿ ಹಾಡು ಯಾವ ಪುಸ್ತಕದಾಗ ಐತಿ?"

"ಯಾವ್ದ್ರಾಗೂ ಇಲ್ರಿ ಅಕ್ಕೋರ. ಒಬ್ಬೊಬ್ಬರ ದನಿ ಒಂದೊಂದ್ರಾಗ ಐತಿ. ಐದೂ ಮಂದಿ ಕೂಡಿ ಹಾಡಿದ್ರನ ಹಾಡು."

ನಮ್ಮ ದೊಡ್ಡಾಟದಲ್ಲಿ ಒಬ್ಬೊಬ್ಬ ವೇಷಗಾರ ತನ್ನ ಮಾತಷ್ಟೇ ಬಾಯಿಪಾಠ ಮಾಡಿದ ಹಾಗೆ. ಆದರೆ ದೊಡ್ಡಾಟದಲ್ಲಿ ಭೀಮ ಮಾತಾಡುವಾಗ ದುರ್ಯೋಧನ ಬಾಯಿ ಮುಚ್ಚಿರುತ್ತಾನೆ. ಇಲ್ಲಿ ಇಬ್ಬರೂ ಒಟ್ಟಿಗೇ ಬಾಯಿ ತೆಗೆಯುತ್ತಾರೆ, ಜೊತೆಗೆ ದ್ರೌಪದಿಯೂ.

ಮೇಳ ಅಂದರೆ ದೊಡ್ಡ ಗುಂಪು ಅಂತ ತಿಳಿದಿದ್ದೆ. ಇದ್ದವರು ನಾಲ್ಕೇ ಮಂದಿ. ಎತ್ತರದ ದನಿಗೆ ಬೇಕರಿಯ ಹೆಂಗಸು, ಅದರ ಕೆಳಗೆ ಲೂಚಿಯಾ, ಅದರ ಕೆಳಗೆ ಊರ ಪೋಸ್ಟ್‌ಮನ್, ಎಲ್ಲದರ ತಳದಲ್ಲಿ ಮಾಯೆಸ್ತ್ರೊ. ಪೋಸ್ಟ್‌ಮನ್ನನಿಗೂ ಮಾಯೆಸ್ತ್ರೊ ಅವರಿಗೂ ನಡುವೆ ಓಡಾಡುವ ಐದನೆಯ ಪುಸ್ತಕದ ದನಿ ನನ್ನ ಪಾಲಿಗೆ.

ಅವರ ಸ್ವರಲಿಪಿ ನನಗೆ ಓದಲು ಬಾರದು. ಬೇಕಾಗಿಯೂ ಇರಲಿಲ್ಲ. ಲೂಚಿಯಾ ಒಂದೊಂದೇ ಸಾಲು ಹಾಡಿದಳು, ನಾನು ಅವಳ ಹಿಂದೆ ಹಾಡಿದೆ, ನಮ್ಮ ಗುರುಗಳ ಮುಂದೆ ಕೂತು ಕಲಿತ ಹಾಗೆಯೇ. ಎರಡು ಸಂಜೆಗೆ ಬಾಯಿಗೆ ಬಂತು. ಕಟ್ಟಿದವನ ಹುಡುಗು ವಯಸ್ಸಿನ ಕೆಲಸ ಅಂತ ಹಾಡಿದಾಗ ಗೊತ್ತಾಯಿತು. ಹೊಸದಾಗಿ ತಯಾರಾದ ಹುಡುಗರು ತಮಗೆ ಬರುವ ತಾನಗಳನ್ನೆಲ್ಲ ಒಂದೇ ರಾಗದೊಳಗೆ ಸುರಿಯುತ್ತಾರಲ್ಲ, ಹಾಗೆ ಇವನೂ ಐದೂ ದನಿಗೆ ಓಡುವ ಕೆಲಸ ಕೊಟ್ಟಿದ್ದಾನೆ. ಯಾರನ್ನೂ ಸುಮ್ಮನೆ ಕೂಡಿಸಿಲ್ಲ. ಮುದುಕನಾದ ಮೇಲೆ ಕಟ್ಟಿದ್ದರೆ ಒಂದು ಸ್ವರ ಹಚ್ಚಿ ನಿಲ್ಲುತ್ತಿದ್ದ. ಆದರೆ ಸುಳ್ಳೇಕೆ, ಖುಷಿ ಬಂತು.

ತಾಲೀಮು

ಐವರೂ ಕೂಡಿ ಹಾಡಿದ ಮೊದಲ ದಿನ ನಾನು ಹಾಡಲೇ ಇಲ್ಲ. ಮಾಯೆಸ್ತ್ರೊ ಸಾಲು ಎತ್ತಿಕೊಂಡರು. ಹಿರಿಯರು, ಮುಗಿಸಲಿ ಅಂತ ಕಾಯುತ್ತ ನಿಂತೆ. ಒಬ್ಬರು ಹಾಡುವಾಗ ನಡುವೆ ಬಾಯಿ ಹಾಕಿದರೆ ನಮ್ಮಲ್ಲಿ ಗುರುಗಳು ಎದ್ದು ಹೋಗುತ್ತಾರೆ. ಇಲ್ಲಿ ಬಾಯಿ ಹಾಕದಿದ್ದುದಕ್ಕೆ ಮಾಯೆಸ್ತ್ರೊ ಕೋಲು ಬಡಿದರು.

ಎರಡನೆಯ ಸಲ ಬಾಯಿ ಹಾಕಿದೆ. ಚಲೋ ನಡೆಯಿತು. ಆದರೆ ಕೊನೆಗೆ ಬಂದು ನಿಂತಾಗ, ದೇವರೇ, ನಾಲ್ವರು ಒಂದು ಕಡೆ, ನಾನೊಬ್ಬಳೇ ಒಂದು ಕಡೆ. ಹಾಲಿಗೆ ಹುಳಿ ಹಿಂಡಿದ ಹಾಗೆ ಕೇಳಿಸಿತು. ಮತ್ತೆ ಹಾಡಿದೆವು. ಮತ್ತೆ ಅದೇ.

ಮಾಯೆಸ್ತ್ರೊ ನನ್ನ ಕಡೆ ಕೋಲು ತೋರಿಸಿ ಗುಡುಗಿದರು. ಲೂಚಿಯಾ ತಿರುಗಿ ಹೇಳಿದಳು: "ಅಪ್ಪ ಅಂತಾನ್ರಿ, ಅಕ್ಕೋರು ಸೂರ ಬಿಟ್ಟು ಮ್ಯಾಲ ಏರಾಕತ್ತಾರ, ಬಾಜುದವರನ್ನ ಕೇಳಿ ಹಾಡ್ರಿ ಅಂತ."

ನನಗೆ ರೋಷ ಬಂತು. ಕಣ್ಣು ಕಟ್ಟಿ ಬಾವಿಗೆ ಇಳಿಸಿದರೂ ನನ್ನ ಸಾ ಇದ್ದಲ್ಲಿಂದ ಅಲುಗುವುದಿಲ್ಲ. ಹುಡುಗಿಯಾಗಿದ್ದಾಗ ವರ್ಷಗಟ್ಟಲೆ ಬೆಳಗಿನಲ್ಲಿ ಬರೀ ಸಾ ಹಚ್ಚಿಸಿದ್ದಾರೆ ನಮ್ಮ ಗುರುಗಳು. ಹಾಡು ಎಲ್ಲಿಂದ ಎದ್ದಿತೋ ಅಲ್ಲಿಗೇ ಬಂದು ಕೂಡಬೇಕು, ಅದು ಮನೆ.

"ನಾ ಏರಿಲ್ಲ ಅಂತ ಹೇಳು. ಇವರು ನಾಕೂ ಮಂದಿ ಇಳಿದಾರ. ಎಲ್ಲಿಂದ ಶುರು ಮಾಡಿದ್ರು, ಎಲ್ಲಿ ಬಂದು ನಿಂತ್ರು, ನೋಡ್ಕೊಳ್ರಿ ಅನ್ನು."

ಲೂಚಿಯಾ ಅಪ್ಪನಿಗೆ ಏನೋ ಹೇಳಿದಳು. ನಾನು ಆಡಿದ್ದಕ್ಕಿಂತ ಬಹಳ ಚಿಕ್ಕ ಮಾತು ಅದು. ಮಾಯೆಸ್ತ್ರೊ ಸಮಾಧಾನದಿಂದ ತಲೆ ಆಡಿಸಿದರು.

"ಏನ್ ಹೇಳಿದಿ ಬೇ?"

"ಅಕ್ಕೋರಿಗೆ ದಣಿವಾಗೇತಿ ಅಂದೆ ರೀ."

ಗಿಟಾರಿನ ಪಾದ್ರಿ

ಈ ನಡುವೆ ನನ್ನ ಗಂಡ ವಿರೋಧ ಪಕ್ಷ ಸೇರಿದ್ದರು. ಊರಿನ ಪಾದ್ರಿ ಡಾನ್ ಪಾವೊಲೊ, ಡಾನ್ ಅಂದರೆ ಅಲ್ಲಿ ಸ್ವಾಮಿಗಳು ಅಂತ, ಇನ್ನೂ ಹರೆಯ, ಕೈಯಲ್ಲಿ ಗಿಟಾರು. ಈಚಿನ ವರ್ಷಗಳಲ್ಲಿ ಅವರ ಧರ್ಮದ ಹಿರಿಯರೇ ಪೂಜೆಯನ್ನು ಜನರ ಭಾಷೆಯಲ್ಲಿ ಮಾಡಬಹುದು ಅಂತ ಬಿಟ್ಟುಕೊಟ್ಟಿದ್ದಾರೆ. ಅದಕ್ಕೇ ಅವನು ಇಟಾಲಿಯನ್ ಹಾಡು ಕಟ್ಟಿ, ಗಿಟಾರು ಬಾರಿಸಿ ಊರವರಿಂದ ಹಾಡಿಸುತ್ತಾನೆ. ಇವರಿಬ್ಬರೂ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಕಟ್ಟೆಯ ಮೇಲೆ ಕೂತು, ಒಬ್ಬರು ಶರಣರ ಬಗ್ಗೆ, ಇನ್ನೊಬ್ಬರು ಪೋಪರ ಬಗ್ಗೆ, ಎದೆ ತಟ್ಟಿ ತಟ್ಟಿ ಮಾತಾಡುತ್ತಿದ್ದರು.

"ಅಗದಿ ನಮ್ಮ ಮನಶ್ಯಾ," ಅಂದರು ಇವರು, ಅವನಿಗೆ ಶೇಂಗಾ ಚಟ್ನಿ ತಿನ್ನಿಸುತ್ತ. ಅವನ ಕಣ್ಣಲ್ಲಿ ನೀರು ಬಂದಿತ್ತು. ಭಕ್ತಿಯಿಂದ ಅಂತ ಇವರು ತಿಳಿದರು.

ಆ ಪಾದ್ರಿಯ ಬಾಯಿಂದಲೇ ಇವರಿಗೆ ವಿಷಯ ತಿಳಿದುಬಂತು, ಇವರು ಬಂದು ನನಗೆ ಹೇಳಿದರು. ಹೋದ ವರ್ಷದ ಹಬ್ಬದಲ್ಲಿ ಲ್ಯಾಟಿನ್ ಹಾಡು ಮುಗಿದ ಮೇಲೆ ಊರವರ ಹಾಡು ಇತ್ತು. ಮೇಳದವರು ಗಿಟಾರಿನ ಸ್ವರ ಕೇಳಿಯೇ ಶುರು ಮಾಡಿದ್ದರು. ಆದರೆ ಮುಗಿಸುವಾಗ ಅದರ ಕೆಳಗೆ ಎಲ್ಲೋ ಇದ್ದರು. ಜನ ಕಿವಿಯಲ್ಲಿದ್ದ ಸ್ವರ ಹಿಡಿದು ಹಾಡಲು ಎದ್ದರು, ಗಿಟಾರು ಬೇರೆ ಕಡೆ ಎದ್ದಿತು. ಚರ್ಚಿನ ತುಂಬ ನಗೆ. ಮುದುಕ ಬೇಕಂತಲೇ ಮಾಡಿದ ಅಂತ ಪಾದ್ರಿಯ ಸಿಟ್ಟು. ಈ ವರ್ಷ ಅವನು ಷರತ್ತು ಹಾಕಿದ್ದಾನೆ: ನಿಮ್ಮ ಹಾಡಿನಿಂದ ನಮ್ಮ ಹಾಡಿಗೆ ಎಡವದೆ ದಾಟಿದರೆ ಮೊಟೆಟ್ ಪ್ರತಿ ಹಬ್ಬಕ್ಕೂ ಇರಲಿ. ಎಡವಿದರೆ ಇದೇ ಕೊನೆ, ಪೆಟ್ಟಿಗೆ ಮುಚ್ಚಿರಿ.

"ಮುಚ್ಚಲಿ ಬಿಡಬೇ," ಅಂದರು ಇವರು. ಆದರೆ ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ. ದಿನಾ ಸಂಜೆ ಆ ಮುದುಕರ ಮನೆಯ ಅನ್ನ ಉಣ್ಣುತ್ತಿದ್ದರಲ್ಲ.

ನನಗಂತೂ ಖುಷಿಯಾಯಿತು. ನೋಡಿದಿರಾ, ನಾನು ಹೇಳಿದ್ದೇ ಸರಿ. ಇಳಿಯುವುದು ನಿಂತರೆ ಮೇಳ ಉಳಿಯುತ್ತದೆ. ಯಾರು ಇಳಿಸುತ್ತಾರೆ ಅಂತ ಹಿಡಿದು, ಮುಖಕ್ಕೆ ಹೇಳಿ ತಿದ್ದಿದರಾಯಿತು. ಮುಖಕ್ಕೆ ಹೇಳುವುದರಲ್ಲಿ ಕುಂದಗೋಳ ತಾಲೂಕಿನಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಅಡುಗೆಮನೆ

ಹಬ್ಬದ ಹಿಂದಿನ ದಿನ, ಮಾಯೆಸ್ತ್ರೊ ಅವರ ಅಡುಗೆಮನೆಯಲ್ಲಿ ನಾಲ್ವರೂ ಊಟದ ಮೇಜಿನ ಸುತ್ತ ಕೂತು ಹಾಡಿದರು. ನಾನು ಗಂಟಲು ನೋವು ಅಂತ ನೆವ ಹೇಳಿ, ಬಟಾಣಿ ಸುಲಿಯುತ್ತ ಮೂಲೆಯಲ್ಲಿ ಕೂತೆ. ಕಿವಿ ಮಾತ್ರ ಕೆಲಸದಲ್ಲಿತ್ತು.

ಬೇಕರಿಯವಳ ದನಿ ಗಟ್ಟಿ. ಪೋಸ್ಟ್‌ಮನ್ ಸರಿ. ಲೂಚಿಯಾ ನನ್ನ ಶಿಷ್ಯೆ, ಅವಳ ಸಾ ನಾನೇ ಕೂಡಿಸಿದ್ದು. ಇಳಿಯುತ್ತಿದ್ದವರು ಮಾಯೆಸ್ತ್ರೊ. ಉದ್ದನೆಯ ಸ್ವರ ಬಂದಾಗ ಆ ದೊಡ್ಡ ಎದೆಯಲ್ಲಿ ಉಸಿರು ಸಾಲುತ್ತಿರಲಿಲ್ಲ. ಸ್ವರದ ಕಾಲು ಜಾರುತ್ತಿತ್ತು, ಸ್ವಲ್ಪವೇ. ಮತ್ತು ಜಾರಿದ ಕೂಡಲೇ, ಇದನ್ನು ನಾನು ಕಣ್ಣಾರೆ ನೋಡಿದೆ, ಬೇಕರಿಯವಳು ಪೋಸ್ಟ್‌ಮನ್ನನ ಕಡೆ ನೋಡಿದಳು, ಪೋಸ್ಟ್‌ಮನ್ ಲೂಚಿಯಾಳ ಕಡೆ ನೋಡಿದ, ಮೂವರೂ ಅಷ್ಟೇ ಇಳಿದು ಅವರ ಪಕ್ಕಕ್ಕೆ ಹೋಗಿ ನಿಂತರು. ವಯಸ್ಸಾದವರ ಜೊತೆ ನಡೆಯುವಾಗ ನಾವು ಹೆಜ್ಜೆ ಸಣ್ಣದು ಮಾಡುತ್ತೇವಲ್ಲ, ಹಾಗೆ.

ಹಾಡು ಮುಗಿದು ಮಾಯೆಸ್ತ್ರೊ ಗಾಳಿಗೆಂದು ಹೊರಗೆ ಹೋದರು. ನಾನು ಲೂಚಿಯಾಳನ್ನು ಹಿಡಿದೆ.

"ನಿಮಗೆಲ್ಲಾ ಗೊತ್ತೈತಿ?"

"ಹೌದ್ರಿ."

"ಅವರಿಗೆ?"

"ಇಲ್ರಿ. ಗಿಟಾರ್ ತಂತಿ ಬಿಸಲಿಗೆ ಏರ್ತಾವ ಅಂತಾನ ಅಪ್ಪ."

"ಅಲ್ಲಬೇ ಹುಚ್ಚಿ, ಮೇಳ ಮುಚ್ಚೂ ಹೊತ್ತು ಬಂದೈತಿ! ಒಂದ್ ಮಾತು ಹೇಳಿಬಿಡಬಾರದ? ನೀ ಹೇಳದಿದ್ರ ನಾ ಹೇಳ್ತೀನಿ."

ಲೂಚಿಯಾ ನನ್ನ ಮಡಿಲಿನ ಬಟಾಣಿ ನೋಡುತ್ತ ಕೂತಳು. ದುಮ್ಮವಾಡದಲ್ಲಿ ಎಂಥೆಂಥ ಗಾಯ ತೊಳೆದ ಹೆಣ್ಣು, ಈಗ ಒಂದು ಸಿಪ್ಪೆ ಹಿಡಿದು ಚೂರು ಚೂರು ಮಾಡಿದಳು.

"ಹೇಳಿದ್ರ ಮೇಳ ಉಳೀತೈತ್ರಿ ಅಕ್ಕೋರ. ಅಪ್ಪ ಹಾಡೂದು ಬಿಡ್ತಾನ. ಅಪ್ಪನ್ನ ಬಿಟ್ಟು ಉಳದದ್ದು ಯಾವ ಮೇಳ?"

ಮಾಯೆಸ್ತ್ರೊ ವಾಪಸು ಬಂದರು. ನನ್ನ ಬುಟ್ಟಿಯಿಂದ ಒಂದು ಬಟಾಣಿ ಬಾಯಿಗೆ ಹಾಕಿಕೊಂಡು, ಗಂಟಲು ಹೇಗಿದೆ ಅಂತ ಕೈಸನ್ನೆಯಲ್ಲಿ ಕೇಳಿದರು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಹೇಳಿದ್ದರೂ ಲೂಚಿಯಾ ಬೇರೆಯೇ ತಿರುಗಿಸುತ್ತಿದ್ದಳು, ಅದು ಬೇರೆ.

ಬೇರೊಂದು ದಾರಿ ಹಿಡಿಯೋಣ ಅಂದುಕೊಂಡೆ. ಮಾತು ಬೇಡ. ನಾಳೆ ನಾನು ಅವರ ಪಕ್ಕದಲ್ಲೇ ನಿಂತು ಗೋಡೆಯ ಹಾಗೆ ನನ್ನ ಸಾ ಹಿಡಿಯುತ್ತೇನೆ. ಅವರು ನನಗೆ ಆತುಕೊಂಡು ನಿಲ್ಲಲಿ.

ಹಬ್ಬದ ಬೆಳಗು

ಚರ್ಚು ತುಂಬಿತ್ತು. ಮೇಳದವರು ದೇವರ ಪಕ್ಕದ ಕಟ್ಟೆಯ ಮೇಲೆ, ಎದುರು ಸಾಲಿನಲ್ಲಿ ಪಾದ್ರಿಯ ಗಿಟಾರು ಒರಗಿಸಿದ ಕುರ್ಚಿ, ಅದರ ಪಕ್ಕಕ್ಕೆ ನನ್ನ ಗಂಡ, ಧೋತರ, ಕರಿ ಕೋಟು, ತಲೆಗೆ ರುಮಾಲು. ಇಟಲಿಯ ಮುದುಕಿಯರು ದೇವರನ್ನು ಬಿಟ್ಟು ಅವರನ್ನೇ ನೋಡುತ್ತಿದ್ದರು.

ಪಾದ್ರಿ ಗಿಟಾರಿನ ಒಂದು ತಂತಿ ಮೀಟಿ ಸ್ವರ ಕೊಟ್ಟ. ನಾನು ಅದನ್ನು ಸಾ ಅಂತ ಎದೆಯೊಳಗೆ ಕಟ್ಟಿದೆ. ಶುರುವಾಯಿತು.

ಅರ್ಧ ಹಾಡಿನವರೆಗೆ ನನ್ನ ಉಪಾಯ ಫಲಿಸಿತು. ಮಾಯೆಸ್ತ್ರೊ ಜಾರುವಾಗ ನಾನು ಒತ್ತಿ ಹಿಡಿದೆ, ಅವರು ಮೇಲೆ ಬಂದರು. ಮತ್ತೆ ಜಾರಿದರು, ಮತ್ತೆ ಬಂದರು. ಆದರೆ ಆ ನಾನೂರು ವರ್ಷದ ಹಿಂದಿನ ಹುಡುಗ ಒಂದು ಕಿತಾಪತಿ ಮಾಡಿದ್ದಾನೆ. ನಡುವೆ ಒಂದು ಕಡೆ ಮೂರು ದನಿಗಳನ್ನು ಸುಮ್ಮನಾಗಿಸಿ, ತಳದ ದನಿ ಮತ್ತು ಐದನೆಯ ದನಿ ಎರಡನ್ನೇ ಬಿಟ್ಟಿದ್ದಾನೆ. ಮಾಯೆಸ್ತ್ರೊ ಮತ್ತು ನಾನು.

ಅಲ್ಲಿ ಅವರ ಉಸಿರು ಮುಗಿಯಿತು. ಸ್ವರ ಇಳಿಯತೊಡಗಿತು. ನಾನು ಒತ್ತಿದೆ, ಅವರು ಬರಲಿಲ್ಲ. ಅವರ ಕುತ್ತಿಗೆಯ ನರ ಉಬ್ಬಿತ್ತು, ಮೈಯ ಪೂರ್ತಿ ಭಾರ ಕೋಲಿನ ಮೇಲೆ ಬಿಟ್ಟಿದ್ದರು. ಇನ್ನೊಂದು ಗಳಿಗೆ ನಾನು ಇದ್ದಲ್ಲೇ ನಿಂತಿದ್ದರೆ ಇಡೀ ಊರಿಗೆ ಗೊತ್ತಾಗುತ್ತಿತ್ತು, ತಪ್ಪಿದ್ದು ಯಾರು ಅಂತ. ಮುಚ್ಚಿಕೊಳ್ಳಲು ಬೇರೆ ದನಿ ಇರಲಿಲ್ಲ.

ನಾನು ಇಳಿದೆ.

ಬರೆಯುವುದಕ್ಕೆ ಸುಲಭ. ಹುಟ್ಟಿದ ಮೇಲೆ ಮೊದಲ ಸಲ ಸಾ ಬಿಟ್ಟು ಹೊರಬಿದ್ದೆ. ಕಾಲ ಕೆಳಗಿನ ನೆಲವೇ ಸರಿದ ಹಾಗಾಯಿತು, ಅಳ್ನಾವರದ ರೈಲು ನಿಲ್ದಾಣದಲ್ಲಿ ಪಕ್ಕದ ಗಾಡಿ ಬಿಟ್ಟಾಗ ನಮ್ಮದೇ ಹೊರಟಂತೆ ಆಗುತ್ತದಲ್ಲ, ಹಾಗೆ. ಅವರ ಪಕ್ಕ ಹೋಗಿ ನಿಂತೆ. ಉಳಿದ ಮೂವರು ಬಂದು ಅಲ್ಲೇ ಸೇರಿಕೊಂಡರು. ಆಮೇಲೆ ಐವರೂ ಕೂಡಿ ಇಳಿಯುತ್ತ ಇಳಿಯುತ್ತ ಹೋದೆವು, ಮತ್ತು ಹೇಳಲು ನಾಚಿಕೆ, ಬಹಳ ಚೆನ್ನಾಗಿತ್ತು.

ಹಾಡುತ್ತಲೇ ನನ್ನ ಕಣ್ಣು ಇವರ ಮೇಲೆ ಬಿತ್ತು. ಇವರು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ಜ್ವರ ಬಂದಾಗ, ನಮ್ಮಪ್ಪ ತೀರಿಕೊಂಡ ವಾರ, ಮೈಕು ಕೆಟ್ಟಾಗ, ಎಂದೂ ಕದಲದ ಹೆಂಡತಿಯ ಸಾ ಕದಲಿದ್ದನ್ನು ಅವರ ಕಿವಿ ಹಿಡಿದಿತ್ತು. ಮೊದಲು ಗಾಬರಿ. ಆಮೇಲೆ ಅವರ ಕಣ್ಣು ಮಾಯೆಸ್ತ್ರೊ ಅವರ ಕೋಲಿನ ಮೇಲೆ ಹೋಯಿತು. ಅಲ್ಲೇ ನಿಂತಿತು.

ಹಾಡು ಮುಗಿಯಿತು. ಪಾದ್ರಿ ದೇವರ ಮುಂದೆ ನಿಂತು ಪ್ರಾರ್ಥನೆ ಶುರು ಮಾಡಿದ, ಅದು ಮುಗಿದ ಮೇಲೆ ಊರವರ ಹಾಡು. ಮೇಳವನ್ನು ನಾನೇ ಮುಚ್ಚಿಸಿದೆ ಅಂದುಕೊಂಡೆ.

ಆಗ ನೋಡಿದರೆ ನಮ್ಮ ಚನ್ನಪ್ಪನವರು ಕುರ್ಚಿಗೆ ಒರಗಿದ್ದ ಗಿಟಾರನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಾರೆ. ಅದರ ಹೊಟ್ಟೆಗೆ ಕಿವಿ ಹಚ್ಚಿದ್ದಾರೆ. ನಮ್ಮ ಕೊನೆಯ ಸ್ವರವನ್ನು ಮೂಗಿನೊಳಗೆ ಗುನುಗುತ್ತ, ಬೆರಳಿನ ತುದಿಯಿಂದ ತಂತಿ ಮುಟ್ಟಿ, ಬಿರಡೆ ತಿರುವಿ ನಾವು ಇಳಿದಷ್ಟೇ ಇಳಿಸುತ್ತಿದ್ದಾರೆ. ಒಂದು, ಇನ್ನೊಂದು, ಮತ್ತೊಂದು. ಆ ವಾದ್ಯವನ್ನು ಹುಟ್ಟಿದಂದಿನಿಂದ ಮುಟ್ಟಿದವರಲ್ಲ. ಅವರ ಮಟ್ಟಿಗೆ ಅದು ಎರಡು ತಂತಿ ಹೆಚ್ಚಿಗೆ ಇರುವ, ಕುಂಬಳಕಾಯಿ ಇಲ್ಲದ ತಂಬೂರಿ. ಪಕ್ಕದ ಮುದುಕಿ ಶಿಲುಬೆಯ ಗುರುತು ಮಾಡಿಕೊಂಡಳು.

ಪ್ರಾರ್ಥನೆ ಮುಗಿಸಿ ಬಂದ ಪಾದ್ರಿಗೆ ಗಿಟಾರನ್ನು ಎರಡೂ ಕೈಯಿಂದ ಕೊಟ್ಟರು, ನನಗೆ ತಂಬೂರಿ ಕೊಡುವ ಹಾಗೆಯೇ. ಅವನು ಮೀಟಿದ. ಹುಬ್ಬು ಗಂಟಾಯಿತು, ಬಿರಡೆಗೆ ಕೈ ಹೋಯಿತು. ಅಷ್ಟರಲ್ಲಿ ಜನ ಹಾಡಲು ಎದ್ದಿದ್ದರು. ದನಿ ಮತ್ತು ತಂತಿ ಒಂದೇ ಕಡೆ ಎದ್ದವು. ಚರ್ಚು ಗುಂಯ್ ಅಂದಿತು. ಪಾದ್ರಿ ಬಿರಡೆಯಿಂದ ಕೈ ತೆಗೆದ. ಒಂದು ಸಲ ನನ್ನ ಗಂಡನನ್ನು ನೋಡಿದ, ಒಂದು ಸಲ ಮೇಳದ ಕಡೆ ನೋಡಿದ. ಏನು ನಡೆದಿದೆ ಅಂತ ಅವನ ಮುಖಕ್ಕೆ ಬರಲು ಎರಡು ಸಾಲು ಹಿಡಿಯಿತು. ಬಂದ ಮೇಲೆ ಅವನ ದನಿಯೂ ಮೆತ್ತಗಾಯಿತು.

ಹೊರಗೆ ಕಟ್ಟೆಯ ಮೇಲೆ ಅವನು ಮಾಯೆಸ್ತ್ರೊ ಅವರ ಕೈ ಹಿಡಿದು, ಮುಂದಿನ ವರ್ಷ ಯಾವ ಮೊಟೆಟ್ ಅಂತ ಕೇಳಿದ. ಮಾಯೆಸ್ತ್ರೊ ಅವರಿಗೆ ಎರಡು ಗೇಣು ಎತ್ತರ ಬಂದಿತ್ತು. ಅವನ ಬೆನ್ನು ತಟ್ಟಿ, ಈ ವರ್ಷ ನಿನ್ನ ತಂತಿ ಏರಲಿಲ್ಲ ನೋಡು ಅಂದರು. ಪಾದ್ರಿ ಬೂಟು ನೋಡಿಕೊಂಡು, ಹೌದು, ಚಲೋ ತಂತಿ ಹಾಕಿಸಿದ್ದೇನೆ ಅಂದನಂತೆ.

ಆಮೇಲೆ ನನ್ನ ಕಡೆ ತಿರುಗಿದರು. ಕೋಲು ಎತ್ತಿ, ನಕ್ಕು, ಉದ್ದನೆಯ ಮಾತು ಹೇಳಿದರು. ಲೂಚಿಯಾ ತಿರುಗಿಸಲು ಬಾಯಿ ತೆರೆದಳು, ಅನುಮಾನಿಸಿದಳು.

"ಇದ್ದದ್ದ ಇದ್ದಂಗ ಹೇಳು," ಅಂದೆ.

"ಅಪ್ಪ ಅಂತಾನ್ರಿ, ಇಷ್ಟು ದಿವಸ ಅಕ್ಕೋರು ಏರೂದ ಏರೂದು. ಕಡೀಗೂ ಇವತ್ತ ನನ್ನ ಮಾತು ಕೇಳಿ ಸೂರದಾಗ ಹಾಡಿದ್ರು ಅಂತ."

ಬೇಕರಿಯವಳು ಆಕಾಶ ನೋಡಿದಳು. ಪೋಸ್ಟ್‌ಮನ್ ಟೊಪ್ಪಿಗೆ ಸರಿಮಾಡಿಕೊಂಡ.

ನಾನು ಎರಡೂ ಕೈ ಜೋಡಿಸಿದೆ. "ಹೌದ್ರಿ ಮಾಸ್ತರ," ಅಂದೆ. "ನಂದ ತಪ್ಪಾಗಿತ್ತು."

ಮಾಯೆಸ್ತ್ರೊ ತೃಪ್ತಿಯಿಂದ ಊಟಕ್ಕೆ ನಡೆದರು. ಹಿಂದೆ ಉಳಿದ ನನ್ನ ಗಂಡ ಕಣ್ಣು ಪಿಳಿಪಿಳಿ ಬಿಡುತ್ತ ನನ್ನನ್ನೇ ನೋಡುತ್ತಿದ್ದರು.

"ಅಲ್ಲಬೇ, ಈ ಮಾತು ನಿನಗ ಬರತೈತೇನು? ಮದಿವ್ಯಾಗಿ ಇಷ್ಟು ವರ್ಷಾತು, ನನ್ನ ಮುಂದ ಒಂದ್ ದಿನಾನೂ ಅಂದಿಲ್ಲಲ್ಲ!"

"ನಿಮ್ಮ ಸೂರ ಇನ್ನೂ ಗಟ್ಟಿ ಐತ್ರಿ, ಜಾರಿದ ದಿನ ಅಂತೀನಿ," ಅಂದೆ. "ನಡೀರಿ ಉಣ್ಣಾಕ."